ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಕಂಪ್ಯೂಟರ್ ಆನ್ ಆಗುತ್ತಿಲ್ಲವೇ? ಬೆಂಗಳೂರು ಬಸ್ ಹತ್ತುವ ಮುಂಚೆ ಇಷ್ಟು ನೋಡಿ

ಆಗಸ್ಟ್ ತಿಂಗಳ ಒಂದು ರಾತ್ರಿ. ಮಳೆ ಬಿಟ್ಟಿರಲಿಲ್ಲ. ಮೂಡಿಗೆರೆ ಕಡೆಯ ತೋಟದ ಮನೆಯಿಂದ ಅಕ್ಕನ ಮಗ ಫೋನ್ ಮಾಡಿದ. "ಮಾಮ, ಕಾರ್ಡ್ ಹಾಕಿದೆ. ಬಟನ್ ಒತ್ತಿದ್ರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತೆ. ಸುಟ್ಟುಹೋಯ್ತಾ?" ಧ್ವನಿ ನಡುಗುತ್ತಿತ್ತು. ಒಂದೂವರೆ ವರ್ಷ ಕೂಡಿಸಿದ ದುಡ್ಡು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ದಿನವೆಲ್ಲ ಅಲೆದು ತಂದ ಕಾರ್ಡ್. ಬೆಳಗ್ಗೆ ಮೊದಲ ಬಸ್ಸಿಗೇ ವಾಪಸ್ ಹೊರಡುತ್ತೇನೆ ಅಂತ ಕೂತಿದ್ದ.

ಈಗಲೇ ಹೊರಡಬೇಡ ಅಂದೆ. ನಾನಿರುವುದು ಹಾಸನದಲ್ಲಿ. ಇಲ್ಲಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್. ಚಿಕ್ಕಮಗಳೂರಿನಿಂದಾದರೆ ಸುಮಾರು 245. ಹೋಗಿ ಬರಲು ಒಂದು ದಿನ ಬೇಕೇ ಬೇಕು. ಅಷ್ಟು ದೂರ ಹೊತ್ತುಕೊಂಡು ಹೋಗಿ, ಅಂಗಡಿಯವರು ತಮ್ಮ ಕಂಪ್ಯೂಟರಿಗೆ ಹಾಕಿ "ಚೆನ್ನಾಗೇ ಇದೆಯಲ್ಲ" ಅಂದರೆ ಆಗುವ ಸಂಕಟ ನನಗೆ ಗೊತ್ತು. ನನಗೂ ಒಮ್ಮೆ ಹಾಗಾಗಿತ್ತು. ಕಾರ್ಡ್ ಸರಿಯಾಗಿಯೇ ಇತ್ತು, ತೊಂದರೆ ಮನೆಯಲ್ಲೇ ಉಳಿದಿತ್ತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೊಸ ಕಾರ್ಡ್ ಹಾಕಿದ ಕೂಡಲೇ ಕಂಪ್ಯೂಟರ್ ಏಳಲಿಲ್ಲ ಅಂದರೆ ಕಾರ್ಡೇ ಸತ್ತಿದೆ ಅಂತ ತೀರ್ಮಾನಿಸಬೇಡಿ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಸಲ ತಪ್ಪು ಇರುವುದು ಕೇಬಲ್ಲಿನಲ್ಲಿ, ಕರೆಂಟಿನಲ್ಲಿ ಅಥವಾ ಬಯೋಸ್ (ವಿಂಡೋಸಿಗೂ ಮೊದಲು ಕಂಪ್ಯೂಟರನ್ನು ಎಬ್ಬಿಸುವ ಒಳಗಿನ ಪ್ರೋಗ್ರಾಂ) ಸೆಟ್ಟಿಂಗಿನಲ್ಲಿ. ಮೂರನ್ನೂ ಮನೆಯಲ್ಲೇ ಕೂತು ನೋಡಬಹುದು. ಒಂದು ನೋಟ್‌ಬುಕ್ಕು, ಪೆನ್ನು ಪಕ್ಕಕ್ಕಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನಾಯಿತು ಅಂತ ಒಂದು ಸಾಲು ಬರೆಯಿರಿ. ಈ ಚೀಟಿ ಕೊನೆಗೆ ಕೆಲಸಕ್ಕೆ ಬರುತ್ತದೆ.

ಮೊದಲು ಏನಾಗುತ್ತಿದೆ ಅಂತ ಸರಿಯಾಗಿ ನೋಡಿ

"ಆನ್ ಆಗ್ತಿಲ್ಲ" ಅನ್ನುವ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಕಾಯಿಲೆಗಳಿವೆ. ಬಟನ್ ಒತ್ತಿದರೂ ಏನೂ ಆಗದೆ, ಒಂದು ದೀಪವೂ ಹೊತ್ತದಿದ್ದರೆ ಕರೆಂಟು ಒಳಗೆ ಬರುತ್ತಿಲ್ಲ ಅಥವಾ ಬಟನ್ನಿನ ಸಣ್ಣ ವೈರು ಕಳಚಿದೆ. ಫ್ಯಾನ್ ಸ್ವಲ್ಪ ತಿರುಗಿ ತಕ್ಷಣ ನಿಂತರೆ, ಕಂಪ್ಯೂಟರಿಗೆ ಕರೆಂಟು ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್ ತನ್ನನ್ನು ತಾನೇ ಕಾಪಾಡಿಕೊಳ್ಳಲು ಆಫ್ ಆಗುತ್ತಿದೆ. ಎಲ್ಲಾದರೂ ಶಾರ್ಟ್ ಇರಬಹುದು, ಲೋಡ್ ಜಾಸ್ತಿ ಆಗಿರಬಹುದು. ಫ್ಯಾನುಗಳು ತಿರುಗುತ್ತಲೇ ಇದ್ದು ಡಿಸ್‌ಪ್ಲೇ ಮಾತ್ರ ಬರದಿದ್ದರೆ ಅದು ಮೂರನೆಯದು. ಎಲ್ಲರಿಗೂ ಹೆಚ್ಚಾಗಿ ಕಾಡುವುದು ಇದೇ. ಕಂಪನಿಯ ಲೋಗೋ ಬಂದು, ವಿಂಡೋಸ್ ಶುರುವಾಗುವ ಹೊತ್ತಿಗೆ ಪರದೆ ಕಪ್ಪಾದರೆ ಅದು ನಾಲ್ಕನೆಯದು. ಆಗ ನಿಮ್ಮ ಹಾರ್ಡ್‌ವೇರ್ ಬಹುತೇಕ ಸರಿ ಇದೆ, ಡ್ರೈವರ್ (ವಿಂಡೋಸ್ ಆ ಕಾರ್ಡನ್ನು ಬಳಸಲು ಬೇಕಾದ ಪ್ರೋಗ್ರಾಂ) ಕಡೆ ನೋಡಬೇಕು.

ನಿಮ್ಮದು ಯಾವುದು ಅಂತ ಮೊದಲ ಸಾಲಿನಲ್ಲಿ ಬರೆಯಿರಿ. ಇದೊಂದು ಸರಿಯಾಗಿ ಗೊತ್ತಾದರೆ ಅರ್ಧ ಹುಡುಕಾಟ ಉಳಿಯುತ್ತದೆ.

ಕೈ ಹಾಕುವ ಮುಂಚೆ

ಸ್ವಿಚ್ ಆಫ್ ಮಾಡಿದರೆ ಸಾಲದು. ಗೋಡೆಯ ಪ್ಲಗ್ಗನ್ನೇ ಕಿತ್ತುಬಿಡಿ. ಆಮೇಲೆ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟು ಖಾಲಿಯಾಗುತ್ತದೆ. ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಕಬ್ಬಿಣದ ಭಾಗವನ್ನು ಒಮ್ಮೆ ಮುಟ್ಟಿ, ಆಮೇಲೆ ಕಾರ್ಡ್ ಮುಟ್ಟಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಜೀವಕ್ಕೆ ಕುತ್ತು ತರುವಷ್ಟು ಕರೆಂಟು ಉಳಿದಿರುತ್ತದೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ಜುಲೈ, ಆಗಸ್ಟ್ ತಿಂಗಳಲ್ಲಿ ನಮ್ಮ ಕಡೆ ಗೋಡೆಯೇ ಬೆವರುತ್ತದೆ. ಚಳಿಯಲ್ಲಿ ಬಸ್ಸಿನಲ್ಲಿ ಬಂದ ಅಥವಾ ಕೊರಿಯರಿನಲ್ಲಿ ಬಂದ ಕಾರ್ಡನ್ನು ಬೆಚ್ಚಗಿನ ಕೋಣೆಗೆ ತಂದು ಕೂಡಲೇ ಹಾಕಬೇಡಿ. ತಣ್ಣಗಿರುವ ಲೋಹದ ಮೇಲೆ ತೇವ ಕೂರುತ್ತದೆ. ಡಬ್ಬಿಯಲ್ಲೇ ಎರಡು ಮೂರು ಗಂಟೆ ಬಿಡಿ.

ಮಾನಿಟರ್ ಕೇಬಲ್ ಎಲ್ಲಿ ಸಿಕ್ಕಿಸಿದ್ದೀರಿ?

ತುಂಬಾ ಸಣ್ಣ ವಿಷಯ. ಆದರೂ ಫ್ಯಾನ್ ತಿರುಗಿ ಡಿಸ್‌ಪ್ಲೇ ಬರದವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದೇ. ಮೊದಲು ಮದರ್‌ಬೋರ್ಡಿನ (ಎಲ್ಲ ಭಾಗಗಳೂ ಕೂರುವ ದೊಡ್ಡ ಹಲಗೆ) ಎಚ್‌ಡಿಎಂಐ ಪೋರ್ಟಿಗೆ ಸಿಕ್ಕಿಸಿದ್ದ ಕೇಬಲ್ ಅಭ್ಯಾಸಬಲದಿಂದ ಅಲ್ಲೇ ಉಳಿದಿರುತ್ತದೆ. ಬೇರೆ ಕಾರ್ಡ್ ಹಾಕಿದ ಮೇಲೆ ಎಷ್ಟೋ ಬೋರ್ಡುಗಳು ಒಳಗಿನ ಗ್ರಾಫಿಕ್ಸ್ ಅನ್ನು ತಾನಾಗಿಯೇ ನಿಲ್ಲಿಸುತ್ತವೆ. ಕೇಬಲ್ ಕಾರ್ಡಿಗೇ ಹೋಗಬೇಕು. ಕ್ಯಾಬಿನೆಟ್ಟಿನ ಹಿಂದೆ ಅಡ್ಡಡ್ಡ ಇರುವ ಪೋರ್ಟುಗಳು ಕೆಳಗೆ ಕಾಣುತ್ತವಲ್ಲ, ಅವೇ ಕಾರ್ಡಿನವು.

ಸರಿಯಾಗಿದ್ದರೂ ಬರಲಿಲ್ಲವಾದರೆ ಕಾರ್ಡಿನ ಎಲ್ಲ ಪೋರ್ಟುಗಳಲ್ಲೂ ಒಮ್ಮೊಮ್ಮೆ ನೋಡಿ. ಕೇಬಲ್ ಬದಲಿಸಿ ನೋಡಿ, ಮನೆಯ ಟಿವಿಗೆ ಹಾಕಿ ನೋಡಿ. ಹಳೇ ವಿಜಿಎ ಮಾನಿಟರ್ ಇದ್ದು ಅಡಾಪ್ಟರ್ ಬಳಸುತ್ತಿದ್ದರೆ ಅದನ್ನು ಬದಿಗಿಟ್ಟು ಪರೀಕ್ಷೆ ಮಾಡಿ. ಹೊಸ ಕಾರ್ಡುಗಳಲ್ಲಿ ವಿಜಿಎ ಸಿಗ್ನಲ್ಲೇ ಇಲ್ಲ. ಡಿವಿಐ ಪೋರ್ಟಿಗೆ ಹಾಕುವ ಸಾದಾ ಕನೆಕ್ಟರ್ ಅಲ್ಲಿ ಕೆಲಸ ಮಾಡುವುದಿಲ್ಲ.

ಕಾರ್ಡ್ ಪೂರ್ತಿ ಕೂತಿದೆಯೇ?

ಕಾರ್ಡನ್ನು ಹೊರಗೆ ತೆಗೆಯಿರಿ. ಸ್ಲಾಟಿನ (ಕಾರ್ಡ್ ಕೂರುವ ಉದ್ದ ಸೀಳು) ತುದಿಯಲ್ಲಿರುವ ಪ್ಲಾಸ್ಟಿಕ್ ಲಾಕ್ ಒತ್ತದೆ ಎಳೆಯಬೇಡಿ, ಸ್ಲಾಟೇ ಕಿತ್ತು ಬರುತ್ತದೆ. ಟಾರ್ಚ್ ಹಿಡಿದು ಸ್ಲಾಟಿನೊಳಗೆ ಧೂಳು, ಸತ್ತ ಹುಳ ಏನಾದರೂ ಇದೆಯೇ ನೋಡಿ. ದೀಪದ ಹುಳ ಬರುವ ಕಾಲದಲ್ಲಿ ನಾನು ಸ್ಲಾಟಿನಿಂದ ರೆಕ್ಕೆ ತೆಗೆದದ್ದೂ ಉಂಟು. ಕಾರ್ಡಿನ ಚಿನ್ನದ ಬಣ್ಣದ ಪಿನ್ನುಗಳು ಮಂಕಾಗಿದ್ದರೆ ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಪೂರ್ತಿ ಒರೆಸಿ.

ಎರಡು ಸ್ಲಾಟಿದ್ದರೆ ಪ್ರೊಸೆಸರಿಗೆ ಹತ್ತಿರದ ಮೇಲಿನ ಉದ್ದ ಸ್ಲಾಟಿಗೇ ಹಾಕಿ. ಎರಡೂ ತುದಿಯಲ್ಲಿ ಸಮನಾಗಿ ಒತ್ತಿ. 'ಟಕ್' ಅನ್ನುವ ಸದ್ದು ಬರಬೇಕು, ಲಾಕ್ ತಾನಾಗಿ ಮೇಲೆದ್ದು ಕೂರಬೇಕು. ಆಮೇಲೆ ಪಕ್ಕದಿಂದ ನೋಡಿ. ಚಿನ್ನದ ಗೆರೆ ಒಂದು ಕಡೆ ಜಾಸ್ತಿ ಕಂಡರೆ ಓರೆಯಾಗಿ ಕೂತಿದೆ ಅಂತ ಅರ್ಥ. ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ಹಿಂಬದಿಯ ತಗಡು ಒಂದೆರಡು ಮಿಲಿಮೀಟರ್ ಆಚೀಚೆ ಇರುತ್ತದೆ. ಸ್ಕ್ರೂ ಬಿಗಿ ಮಾಡಿದ ಕೂಡಲೇ ಕಾರ್ಡಿನ ಇನ್ನೊಂದು ತುದಿ ಮೇಲೇಳುತ್ತದೆ. ಅಂಥ ಅನುಮಾನ ಬಂದರೆ ಸ್ಕ್ರೂ ಹಾಕದೆ, ಕ್ಯಾಬಿನೆಟ್ ಮಲಗಿಸಿ ಒಮ್ಮೆ ಆನ್ ಮಾಡಿ ನೋಡಿ.

ಕಾರ್ಡಿನ ಪವರ್ ಕೇಬಲ್: ಇಲ್ಲಿ ಅವಸರ ಬೇಡ

ಸ್ಲಾಟ್ ಒಂದರಿಂದಲೇ ಕಾರ್ಡಿಗೆ ಸಿಗುವುದು ಗರಿಷ್ಠ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ನೇರ ಕೇಬಲ್ ಬರಬೇಕು. 6 ಪಿನ್ ಕೇಬಲ್ 75 ವ್ಯಾಟ್, 8 ಪಿನ್ ಕೇಬಲ್ 150 ವ್ಯಾಟ್ ಕೊಡುತ್ತದೆ. ಹೊಸ ದೊಡ್ಡ ಕಾರ್ಡುಗಳಲ್ಲಿ ಇರುವ 16 ಪಿನ್ನಿನ ಸಣ್ಣ ಕನೆಕ್ಟರ್ 600 ವ್ಯಾಟ್‌ವರೆಗೆ ಕೊಡಬಲ್ಲದು. ಈ ಕೇಬಲ್ ಮರೆತರೂ ಕಾರ್ಡಿನ ಫ್ಯಾನ್ ತಿರುಗಬಹುದು. ಫ್ಯಾನ್ ತಿರುಗಿತು ಅಂತ ನಂಬಬೇಡಿ.

ಈಗ ನಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ಒಳಗಿನ ಫೋಟೋ ತೆಗೆದು ಕಳಿಸು ಅಂದೆ. ನೋಡಿದರೆ ಕಾರ್ಡಿಗೆ ಹಾಕಿದ್ದ 8 ಪಿನ್ ಕೇಬಲ್ ಪ್ರೊಸೆಸರಿನದು! ಅವನ ಎಸ್‌ಎಂಪಿಎಸ್‌ನಲ್ಲಿ ಪ್ರೊಸೆಸರಿಗೆ ಅಂತ ಎರಡು ಕೇಬಲ್ ಇತ್ತು. ಒಂದು ಸುಮ್ನೆ ನೇತಾಡುತ್ತಿತ್ತು. ಅದನ್ನೇ ಒತ್ತಿ ಒತ್ತಿ ಕೂರಿಸಿದ್ದ. ಎರಡೂ 8 ಪಿನ್ನೇ, ನೋಡಲು ಅಣ್ಣ ತಮ್ಮನ ಹಾಗೆ. ಆದರೆ ಒಳಗಿನ ವೈರಿಂಗ್ ತಲೆಕೆಳಗು. ಒಂದರಲ್ಲಿ 12 ವೋಲ್ಟ್ ಇರುವ ಕಡೆ ಇನ್ನೊಂದರಲ್ಲಿ ಗ್ರೌಂಡ್ ಇರುತ್ತದೆ. ಸಿಕ್ಕಿಸಿದರೆ ನೇರ ಶಾರ್ಟ್. ಫ್ಯಾನ್ ಅರ್ಧ ಸುತ್ತಿಗೇ ನಿಲ್ಲುತ್ತಿದ್ದದ್ದು ಅದಕ್ಕೆ. ಎಸ್‌ಎಂಪಿಎಸ್ ಒಳ್ಳೆಯದಾಗಿದ್ದರಿಂದ ಕಾರ್ಡ್ ಉಳಿಯಿತು. ಸರಿಯಾದ ಕೇಬಲ್ ಹಾಕಿ, ಐದು ನಿಮಿಷ ಪ್ಲಗ್ ಕಿತ್ತಿಟ್ಟು ಆನ್ ಮಾಡಿಸಿದೆ. ಆ ಕಡೆಯಿಂದ ಅಕ್ಕನ ಧ್ವನಿಯೂ ಕೇಳಿಸಿತು, "ಬಂತು, ಬಂತು!"

ಗುರುತಿಸುವುದು ಸುಲಭ. ಕಾರ್ಡಿನ ಕೇಬಲ್ 6 ಮತ್ತು 2 ಪಿನ್ ಆಗಿ ಬೇರ್ಪಡುತ್ತದೆ. ಪ್ರೊಸೆಸರಿನದು 4 ಮತ್ತು 4 ಆಗಿ ಬೇರ್ಪಡುತ್ತದೆ. ಕನೆಕ್ಟರಿನ ಮೇಲೆ ಸಣ್ಣ ಅಕ್ಷರದಲ್ಲಿ ಪಿಸಿಐ‌ಇ ಅಥವಾ ಸಿಪಿಯು ಅಂತ ಬರೆದಿರುವುದೂ ಉಂಟು. ಸರಿಯಾದ ಕೇಬಲ್ ಹೆಚ್ಚು ಬಲ ಹಾಕದೆ ಒಳಗೆ ಹೋಗುತ್ತದೆ. ಹೋಗುತ್ತಿಲ್ಲ ಅಂದರೆ ಅದು ನಿಮ್ಮ ಕೇಬಲ್ ಅಲ್ಲ, ನಿಲ್ಲಿಸಿ.

ಕೇಬಲ್ ಕಳಚಿ ಹಾಕುವ ಮಾಡ್ಯುಲರ್ ಎಸ್‌ಎಂಪಿಎಸ್ ಇದ್ದವರು ಇದನ್ನು ಎರಡು ಸಲ ಓದಿ. ಬೇರೆ ಕಂಪನಿಯ, ಬೇರೆ ಮಾಡೆಲ್ಲಿನ ಕೇಬಲ್ ಸೇರಿಸಬೇಡಿ. ಕಾರ್ಡಿನ ಕಡೆಯ ತುದಿ ಒಂದೇ ಥರ ಇದ್ದರೂ ಎಸ್‌ಎಂಪಿಎಸ್ ಕಡೆಯ ತುದಿಗೆ ಎಲ್ಲರಿಗೂ ಒಂದೇ ಕಟ್ಟಳೆ ಇಲ್ಲ. ತಪ್ಪಿದರೆ ಕಾರ್ಡ್, ಹಾರ್ಡ್ ಡಿಸ್ಕ್ ಎಲ್ಲ ಸುಡಬಹುದು.

ಎರಡು 8 ಪಿನ್ ಬೇಕಾದ ಕಾರ್ಡಿಗೆ ಎರಡು ಬೇರೆ ಕೇಬಲ್ ಎಳೆಯಿರಿ. ಒಂದೇ ಕೇಬಲ್ಲಿನ ಎರಡು ತಲೆಗಳನ್ನು ಬಳಸದಿರುವುದು ಒಳ್ಳೆಯದು. 16 ಪಿನ್ನಿನದಾದರೆ ಒಂದು ಕೂದಲೆಳೆ ಸಂದೂ ಕಾಣದಷ್ಟು ಒತ್ತಿ. ಕನೆಕ್ಟರಿನ ಬುಡದಲ್ಲೇ ಕೇಬಲ್ ಮಡಚಬೇಡಿ. ಅರ್ಧ ಕೂತರೆ ಕಂಪ್ಯೂಟರ್ ಏಳದಿರುವುದು ಒಂದು ಕಡೆ, ಕನೆಕ್ಟರ್ ಕರಗುವ ಅಪಾಯ ಇನ್ನೊಂದು ಕಡೆ.

ಇನ್ನು ಡಿಸ್ಕಿಗೆ ಕರೆಂಟು ಕೊಡುವ ಸಾಟಾ ಕೇಬಲ್ಲಿನಿಂದ 8 ಪಿನ್ ಮಾಡುವ ಅಡಾಪ್ಟರ್. ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ, ದಯವಿಟ್ಟು ಬೇಡ. ಒಂದು ಸಾಟಾ ಪವರ್ ಕನೆಕ್ಟರ್ 12 ವೋಲ್ಟಿನಲ್ಲಿ ತಡೆಯುವುದು 4.5 ಆಂಪ್ಸ್, ಅಂದರೆ 54 ವ್ಯಾಟ್. ಅದರ ಮೇಲೆ 150 ವ್ಯಾಟ್ ಹೇರಿದರೆ ಪ್ಲಾಸ್ಟಿಕ್ ಕರಗಿ ಬೆಂಕಿ ಹಿಡಿಯಬಹುದು. ಮರದ ಅಟ್ಟವಿರುವ ಹಳೇ ಮನೆಗಳಲ್ಲಿ ಇದನ್ನು ನೆನೆಸಿಕೊಂಡರೇ ನನಗೆ ಭಯವಾಗುತ್ತದೆ.

ಎಸ್‌ಎಂಪಿಎಸ್ ಲೆಕ್ಕ

ಡಬ್ಬಿಯ ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತ ಬರೆದಿದ್ದರೆ ಅದನ್ನು ಓದಿ ಸುಮ್ಮನಾಗಬೇಡಿ. ಪಕ್ಕದಲ್ಲಿ ಅಂಟಿಸಿದ ಲೇಬಲ್ ಓದಿ. ಅದರಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪ್ಸ್ ಇದೆ ಅನ್ನುವುದೇ ಮುಖ್ಯ. ಕಾರ್ಡೂ ಪ್ರೊಸೆಸರೂ ಉಣ್ಣುವುದು ಆ ಬಟ್ಟಲಿನಿಂದಲೇ. ಅಲ್ಲಿ 18 ಆಂಪ್ಸ್ ಅಂತ ಇದ್ದರೆ 12 ಗುಣಿಸು 18, ಬರೀ 216 ವ್ಯಾಟ್ ಆಯಿತು.

ಈಗ ಬೇಕಾಗುವುದನ್ನು ನೋಡಿ. ಆರ್‌ಟಿಎಕ್ಸ್ 3060 ಕಾರ್ಡಿಗೆ 170 ವ್ಯಾಟ್. ಕೋರ್ ಐ5 12400ಎಫ್ ಪ್ರೊಸೆಸರ್ ಪೂರ್ತಿ ಓಡಿದರೆ 117 ವ್ಯಾಟ್‌ವರೆಗೆ ಎಳೆಯುತ್ತದೆ. ಎರಡೇ ಸೇರಿ 287. ಫ್ಯಾನು, ಡಿಸ್ಕು ಬೇರೆ. ಜೊತೆಗೆ ಕಾರ್ಡುಗಳು ಕ್ಷಣಮಾತ್ರಕ್ಕೆ ತಮ್ಮ ಲೆಕ್ಕಕ್ಕಿಂತ ಜಾಸ್ತಿ ಎಳೆಯುತ್ತವೆ. ಇಂಥ ಕಡೆ ಕಂಪ್ಯೂಟರ್ ಡೆಸ್ಕ್‌ಟಾಪ್‌ವರೆಗೆ ಬಂದು, ಆಟ ಶುರು ಮಾಡಿದ ಕೂಡಲೇ ಆಫ್ ಆಗುವುದೂ ಉಂಟು. 3060ಕ್ಕೆ ಅದರ ಕಂಪನಿ ಎನ್‌ವಿಡಿಯಾ ಹೇಳುವುದು ಕನಿಷ್ಠ 550 ವ್ಯಾಟಿನ ಎಸ್‌ಎಂಪಿಎಸ್. 4060 ಕಾರ್ಡ್ ಉಣ್ಣುವುದು 115 ವ್ಯಾಟ್ ಮಾತ್ರ, ಅದಕ್ಕೂ ಹೇಳುವುದು 550 ವ್ಯಾಟನ್ನೇ. ಈ ಅಳತೆ ಒಳ್ಳೆಯ ಎಸ್‌ಎಂಪಿಎಸ್‌ಗೆ ಹೇಳಿದ್ದು, ಹೆಸರಿಲ್ಲದ ಡಬ್ಬಿಗಲ್ಲ.

ಕಚೇರಿಗಳಿಂದ ಬಂದ ಹಳೇ ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಕೊಂಡವರು ನಮ್ಮೂರುಗಳಲ್ಲಿ ಬಹಳ ಜನ. ಓದಲು, ಬರೆಯಲು ಅವು ಒಳ್ಳೆಯವೇ. ಆದರೆ ಅವುಗಳ ಎಸ್‌ಎಂಪಿಎಸ್ ಸಾಮಾನ್ಯವಾಗಿ ಸಣ್ಣದು, ಕಾರ್ಡಿನ ಕೇಬಲ್ಲೇ ಇರುವುದಿಲ್ಲ. ಕೆಲವದರ ಕನೆಕ್ಟರ್ ಆಕಾರವೂ ಬೇರೆ, ಹೊರಗಿನ ಎಸ್‌ಎಂಪಿಎಸ್ ಕೂರುವುದಿಲ್ಲ. ಅಂಥದಕ್ಕೆ 75 ವ್ಯಾಟಿನೊಳಗೆ ಓಡುವ, ಹೊರಗಿನ ಕೇಬಲ್ ಬೇಡದ ಜಿಟಿಎಕ್ಸ್ 1050 ಟಿಐ ಅಥವಾ 1650ರಂಥ ಕಾರ್ಡ್ ನೋಡಬೇಕು. 1650ರಲ್ಲೂ ಕೆಲವಕ್ಕೆ 6 ಪಿನ್ ಇರುತ್ತದೆ, ಕೊಳ್ಳುವ ಮುಂಚೆ ಕಣ್ಣಾರೆ ನೋಡಿ.

ಯುಪಿಎಸ್ ಮತ್ತು ಮನೆಯ ಕರೆಂಟು

ಬೆಂಗಳೂರಿನ ಅಂಗಡಿಯಲ್ಲಿ ಓಡಿದ ಕಾರ್ಡ್ ತೋಟದ ಮನೆಯಲ್ಲಿ ಓಡದಿರಲು ಇದೂ ಒಂದು ಕಾರಣ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ನಮಗೆ ಹೊಸದಲ್ಲ, ಹಾಗಾಗಿ ಎಲ್ಲರೂ ಸಣ್ಣ ಯುಪಿಎಸ್ ಇಟ್ಟಿರುತ್ತೇವೆ. ಅದರ ಮೇಲೆ 600 ವಿಎ ಅಂತ ಇರುತ್ತದೆ. ಅದು ವ್ಯಾಟ್ ಅಲ್ಲ. ಇಂಥವು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಹೊರುತ್ತವೆ. ಹಳೇ ಕಂಪ್ಯೂಟರಿಗೆ ಸಾಕಾಗುತ್ತಿತ್ತು. ಹೊಸ ಕಾರ್ಡ್, ಪ್ರೊಸೆಸರ್, ಮಾನಿಟರ್ ಎಲ್ಲ ಸೇರಿದರೆ ಉದ್ದಕ್ಕೆ 'ಕೀ' ಅಂತ ಕೂಗಿ ಆಫ್ ಆಗುತ್ತದೆ. ಬ್ಯಾಟರಿ ಎರಡು ಮೂರು ವರ್ಷ ಹಳೆಯದಾಗಿದ್ದರೆ ಇನ್ನೂ ಬೇಗ.

ಪರೀಕ್ಷೆ ಸರಳ. ಲೈನಿನಲ್ಲಿ ಕರೆಂಟು ಸರಿ ಇರುವಾಗ ಯುಪಿಎಸ್, ಎಕ್ಸ್‌ಟೆನ್ಷನ್ ಬಾಕ್ಸ್ ಎಲ್ಲ ಬಿಟ್ಟು ನೇರ ಗೋಡೆಯ ದೊಡ್ಡ ಸಾಕೆಟ್ಟಿಗೆ ಹಾಕಿ ನೋಡಿ. ಅಲ್ಲಿ ಎದ್ದರೆ ಕಾರ್ಡನ್ನು ಬಿಡಿ, ಯುಪಿಎಸ್ ಬದಲಿಸುವ ಯೋಚನೆ ಮಾಡಿ. ಒಳ್ಳೆಯ ಎಸ್‌ಎಂಪಿಎಸ್ ಕೆಲವು ಅಗ್ಗದ ಇನ್ವರ್ಟರುಗಳ ಚೌಕಾಕಾರದ ಅಲೆಗೆ ಹೊಂದಿಕೊಳ್ಳದೆ ಆಫ್ ಆಗುವುದೂ ಇದೆ. ಪ್ಯೂರ್ ಸೈನ್ ವೇವ್ ಇದ್ದರೆ ಆ ತಲೆನೋವಿಲ್ಲ.

ತುಂಬಾ ಹಳೇ ಎಸ್‌ಎಂಪಿಎಸ್ ಹಿಂದೆ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲೇ ಇರಲಿ. 115ಕ್ಕೆ ತಿರುಗಿಸಿದರೆ ಸುಟ್ಟುಹೋಗುತ್ತದೆ.

ಕ್ಯಾಬಿನೆಟ್ ಮುಟ್ಟಿದರೆ ಝುಮ್ ಅನ್ನುತ್ತದೆಯೇ? ಮನೆಯ ಅರ್ಥಿಂಗ್ ಸರಿ ಇಲ್ಲ. ಹಳೇ ತೋಟದ ಮನೆಗಳಲ್ಲಿ ಮೂರು ಕಾಲಿನ ಸಾಕೆಟ್ ಇದ್ದರೂ ಮೂರನೇ ಕಾಲಿಗೆ ವೈರೇ ಹೋಗಿರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಮೊದಲು ಅದನ್ನು ಮಾಡಿಸಿ. ಇದು ಕಾರ್ಡಿಗಿಂತ ನಿಮ್ಮ ಜೀವಕ್ಕೆ ಸಂಬಂಧಿಸಿದ್ದು.

ಪಕ್ಕದವರನ್ನೂ ನೋಡಿ

ದೊಡ್ಡ ಕಾರ್ಡ್ ಒಳಗೆ ತೂರಿಸುವಾಗ ಕೈ ತಾಗಿ ಬೇರೇನೋ ಸಡಿಲವಾಗಿರುತ್ತದೆ. ರ‍್ಯಾಮ್ ಎರಡನ್ನೂ ಕಿತ್ತು, ಪಿನ್ ಒರೆಸಿ, ಮೊದಲು ಒಂದನ್ನೇ ಹಾಕಿ ಆನ್ ಮಾಡಿ. ಪ್ರೊಸೆಸರಿನ ಪವರ್ ಕೇಬಲ್, 24 ಪಿನ್ನಿನ ದೊಡ್ಡ ಕೇಬಲ್, ಡಿಸ್ಕಿನ ಸಾಟಾ ಕೇಬಲ್, ಪವರ್ ಬಟನ್ನಿನ ಸಣ್ಣ ವೈರು, ಎಲ್ಲವನ್ನೂ ಒಮ್ಮೆ ಒತ್ತಿ.

ಹಳೇ ಕಾರ್ಡ್ ಹಾಕಿ ನೋಡಿ

ಇಷ್ಟಾದರೂ ಬರಲಿಲ್ಲ ಅಂದರೆ ಇಲ್ಲಿ ದಾರಿ ಎರಡಾಗುತ್ತದೆ. ಹೊಸ ಕಾರ್ಡ್ ತೆಗೆದು ಹಳೆಯದನ್ನು ಹಾಕಿ. ಹಳೆಯದು ಇಲ್ಲದಿದ್ದರೆ ಮದರ್‌ಬೋರ್ಡಿನ ಎಚ್‌ಡಿಎಂಐ ಬಳಸಿ. ಆದರೆ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇದ್ದರೆ ಮಾತ್ರ ಅಲ್ಲಿ ಚಿತ್ರ ಬರುತ್ತದೆ. ಇಂಟೆಲ್‌ನಲ್ಲಿ ಸಂಖ್ಯೆಯ ಕೊನೆಗೆ ಎಫ್ ಇದ್ದರೆ ಇಲ್ಲ. ರೈಜನ್‌ನಲ್ಲಿ 5600ರಲ್ಲಿ ಇಲ್ಲ, 5600ಜಿಯಲ್ಲಿ ಇದೆ.

ಹಳೆಯದರಲ್ಲಿ ಕಂಪ್ಯೂಟರ್ ಎದ್ದಿತೋ, ಮದರ್‌ಬೋರ್ಡ್, ರ‍್ಯಾಮ್, ಡಿಸ್ಕ್ ಎಲ್ಲ ಬದುಕಿವೆ. ಉಳಿದದ್ದು ಹೊಸ ಕಾರ್ಡ್, ಅದರ ಕರೆಂಟು, ಬಯೋಸ್ ಮಾತ್ರ. ಹಳೆಯದರಲ್ಲೂ ಏಳಲಿಲ್ಲವೋ, ಕಾರ್ಡ್ ಹಾಕುವಾಗ ಬೇರೇನೋ ಕದಲಿದೆ ಅಥವಾ ಎಸ್‌ಎಂಪಿಎಸ್ ಸೋತಿದೆ. ಹಿಂದಿನ ಹೆಜ್ಜೆಗೆ ವಾಪಸ್ ಹೋಗಿ. ಇದನ್ನು ನೋಟ್‌ಬುಕ್ಕಿನಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ.

ಮದರ್‌ಬೋರ್ಡ್ ಕೂಡ ಮಾತಾಡುತ್ತದೆ. ಇತ್ತೀಚಿನ ಬೋರ್ಡುಗಳ ಅಂಚಿನಲ್ಲಿ ನಾಲ್ಕು ಸಣ್ಣ ದೀಪಗಳಿವೆ, ಪಕ್ಕದಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಇರುತ್ತದೆ. ವಿಜಿಎ ದೀಪ ಹೊತ್ತಿಕೊಂಡೇ ಉಳಿದರೆ ಬೋರ್ಡಿಗೆ ಕಾರ್ಡ್ ಸಿಗುತ್ತಿಲ್ಲ. ಡಿರ‍್ಯಾಮ್ ದೀಪವಾದರೆ ರ‍್ಯಾಮ್ ಕಡೆ ಹೋಗಿ. ದೀಪ ಇಲ್ಲದ ಬೋರ್ಡಿಗೆ ಸಣ್ಣ ಸ್ಪೀಕರ್ ಸಿಕ್ಕಿಸಿದರೆ ಬೀಪ್ ಕೇಳುತ್ತದೆ. ಒಂದು ಉದ್ದ, ಎರಡು ಅಥವಾ ಮೂರು ಗಿಡ್ಡ ಬೀಪ್ ಬಂದರೆ ಬಹಳ ಬೋರ್ಡುಗಳಲ್ಲಿ ಡಿಸ್‌ಪ್ಲೇ ತೊಂದರೆ ಅಂತಲೇ ಅರ್ಥ. ನಿಮ್ಮ ಬೋರ್ಡಿನ ಮ್ಯಾನ್ಯುಯಲ್‌ನಲ್ಲಿ ಖಚಿತ ಮಾಡಿಕೊಳ್ಳಿ.

ಬಯೋಸ್

ಹಳೇ ಕಾರ್ಡಿನಲ್ಲಿ ಕಂಪ್ಯೂಟರ್ ಎದ್ದಿದ್ದರೆ ಈ ಕೆಲಸ ಆಗಲೇ ಮಾಡಿ ಮುಗಿಸಬೇಕು. ಆದರೆ ಮೊದಲು ಒಂದು ಎಚ್ಚರಿಕೆ. ವಿಂಡೋಸ್ 11ರಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಎಷ್ಟೋ ಕಡೆ ನಮಗೆ ಗೊತ್ತಿಲ್ಲದೆಯೇ ಬಿದ್ದಿರುತ್ತದೆ. ಬಯೋಸ್ ಬದಲಿಸಿದ ಮೇಲೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಮೊಬೈಲಿನಿಂದ ಲಾಗಿನ್ ಆಗಿ ಆ ಕೀ ಇದೆಯೇ ನೋಡಿ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಗುವುದಾದರೆ ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ. ಮಗಳ ಮದುವೆ ಫೋಟೋ ಇರುವ ಡಿಸ್ಕಿಗೆ ಬೀಗ ಬಿದ್ದು ಕೂತವರನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಈಗ ಮದರ್‌ಬೋರ್ಡ್ ಕಂಪನಿಯ ಜಾಲತಾಣದಿಂದ ನಿಮ್ಮದೇ ಮಾಡೆಲ್ಲಿನ ಹೊಸ ಬಯೋಸ್ ಇಳಿಸಿ, ಪೆನ್‌ಡ್ರೈವಿಗೆ ಹಾಕಿ ಅಪ್‌ಡೇಟ್ ಮಾಡಿ. ಗುಡುಗು ಸಿಡಿಲು ಇರುವ ಸಂಜೆ, ಕರೆಂಟು ಬಂದು ಹೋಗುವ ಹೊತ್ತು ಈ ಕೆಲಸಕ್ಕೆ ಕೈ ಹಾಕಬೇಡಿ. ಮಧ್ಯದಲ್ಲಿ ಕರೆಂಟು ಹೋದರೆ ಬೋರ್ಡೇ ಏಳದೆ ಹೋಗಬಹುದು.

ಆಮೇಲೆ ಸಿಎಸ್‌ಎಂ ಅನ್ನುವ ಸೆಟ್ಟಿಂಗ್. ಹಳೇ ಕಾಲದ ಲೆಗಸಿ ರೀತಿಯಲ್ಲಿ ಕಂಪ್ಯೂಟರ್ ಏಳಿಸಲು ಇಟ್ಟ ಅನುಕೂಲ ಅದು. ಇದು ಆನ್ ಇದ್ದಾಗ ಕೆಲವು ಹೊಸ ಕಾರ್ಡುಗಳು ಕಪ್ಪು ಪರದೆ ತೋರಿಸುತ್ತವೆ. ಆಫ್ ಮಾಡಿ ಯುಇಎಫ್‌ಐ ಅನ್ನುವ ಹೊಸ ರೀತಿಗೆ ಬದಲಿಸಿದರೆ ಸರಿಹೋಗುತ್ತದೆ. ಉಲ್ಟಾ ಕೂಡ ನಿಜ. ತುಂಬಾ ಹಳೇ ಕಾರ್ಡನ್ನು ಹೊಸ ಬೋರ್ಡಿಗೆ ಹಾಕಿದರೆ ಸಿಎಸ್‌ಎಂ ಇಲ್ಲದೆ ಚಿತ್ರವೇ ಬರದಿರಬಹುದು. ಸಿಎಸ್‌ಎಂ ಆಫ್ ಮಾಡಿದ ಮೇಲೆ "ಬೂಟ್ ಡಿವೈಸ್ ಇಲ್ಲ" ಅನ್ನುವ ಸಂದೇಶ ಬಂದರೆ ಗಾಬರಿಯಾಗಿ ವಿಂಡೋಸ್ ಮತ್ತೆ ಹಾಕಬೇಡಿ. ನಿಮ್ಮ ಡಿಸ್ಕ್ ಎಂಬಿಆರ್ ಅನ್ನುವ ಹಳೇ ರೀತಿಯಲ್ಲಿದೆ, ಅಷ್ಟೇ. ಸೆಟ್ಟಿಂಗ್ ವಾಪಸ್ ಆನ್ ಮಾಡಿದರೆ ವಿಂಡೋಸ್ ಬರುತ್ತದೆ. ಮುಖ್ಯವಾದದ್ದನ್ನೆಲ್ಲ ಬ್ಯಾಕಪ್ ತೆಗೆದು, ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಉಪಕರಣದಿಂದ ಅದೇ ಡಿಸ್ಕನ್ನು ಜಿಪಿಟಿ ಅನ್ನುವ ಹೊಸ ರೀತಿಗೆ ಪರಿವರ್ತಿಸಿ, ಆಮೇಲೆ ಸಿಎಸ್‌ಎಂ ತೆಗೆಯಿರಿ.

ಕಾರ್ಡಿಗೂ ಬಯೋಸಿನ ಹಾಗೆ ತನ್ನದೇ ಫರ್ಮ್‌ವೇರ್ ಇದೆ. ಆರ್‌ಟಿಎಕ್ಸ್ 5060 ಸರಣಿಯಲ್ಲಿ ಕೆಲವು ಬೋರ್ಡುಗಳ ಮೇಲೆ ರೀಬೂಟ್ ಮಾಡಿದಾಗ ಕಪ್ಪು ಪರದೆ ಬರುತ್ತಿತ್ತು, 2025ರಲ್ಲಿ ಎನ್‌ವಿಡಿಯಾ ಅದಕ್ಕೆ ಅಪ್‌ಡೇಟ್ ಕೊಟ್ಟಿತು. ಹಳೇ 900 ಮತ್ತು 1000 ಸರಣಿಯ ಕಾರ್ಡುಗಳು ಹೊಸ ಡಿಸ್‌ಪ್ಲೇಪೋರ್ಟ್ ಮಾನಿಟರಿನ ಮುಂದೆ ವಿಂಡೋಸ್ ಬರುವವರೆಗೆ ಕಪ್ಪಾಗಿರುವುದುಂಟು. ಅದಕ್ಕೂ ಅಪ್‌ಡೇಟ್ ಇದೆ. ಎಚ್‌ಡಿಎಂಐಗೆ ಹಾಕಿದರೂ ಸದ್ಯಕ್ಕೆ ನಡೆಯುತ್ತದೆ.

ಬಯೋಸ್ ಪರದೆಯೇ ಕಾಣುತ್ತಿಲ್ಲ ಅನ್ನುವವರು ಸೆಟ್ಟಿಂಗ್ ಅಳಿಸಿ ಮೊದಲಿಗೆ ತರಬೇಕು. ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ದುಂಡನೆಯ ಸಿಆರ್ 2032 ಸೆಲ್ ತೆಗೆದು, ಐದು ನಿಮಿಷ ಬಿಟ್ಟು ಹಾಕಿ. ಇದಕ್ಕೂ ಮುಂಚೆ ಬಿಟ್‌ಲಾಕರ್ ಕೀ ಕೈಯಲ್ಲಿರಲಿ. ಡಿಡಿಆರ್5 ರ‍್ಯಾಮ್ ಇರುವ ಬೋರ್ಡುಗಳು ಹೀಗೆ ಮಾಡಿದ ಮೇಲೆ ಮೊದಲ ಸಲ ಏಳಲು ಹಲವು ನಿಮಿಷ ತೆಗೆದುಕೊಳ್ಳುತ್ತವೆ. ಕಪ್ಪಾಗಿದೆ ಅಂತ ನಡುವೆ ಆಫ್ ಮಾಡಬೇಡಿ. ಒಂದು ಲೋಟ ಕಾಫಿ ಕುಡಿದು ಬನ್ನಿ.

ವಿಂಡೋಸ್ ಬರುವ ಹೊತ್ತಿಗೆ ಕಪ್ಪಾದರೆ

ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಒಂದು ಬೀಪ್ ಬಂದು ಚಿತ್ರ ಬಂದರೆ ಡ್ರೈವರಿನದೇ ತಪ್ಪು. ಬರದಿದ್ದರೆ, ವಿಂಡೋಸ್ ಶುರುವಾಗುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ರಿಪೇರಿ ಪರದೆ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಆಮೇಲೆ 4 ಒತ್ತಿದರೆ ಸೇಫ್ ಮೋಡ್. ಡಿಡಿಯು ಅನ್ನುವ ಉಚಿತ ಸಾಫ್ಟ್‌ವೇರಿನಿಂದ ಹಳೇ ಕಾರ್ಡಿನ ಡ್ರೈವರ್ ಪೂರ್ತಿ ತೆಗೆದು, ಹೊಸದರ ಡ್ರೈವರ್ ಹಾಕಿ. ಎಎಂಡಿಯಿಂದ ಎನ್‌ವಿಡಿಯಾಗೆ ಅಥವಾ ಅಲ್ಲಿಂದ ಇಲ್ಲಿಗೆ ಬದಲಾದವರು ಕಾರ್ಡ್ ತೆಗೆಯುವ ಮುಂಚೆಯೇ ಇದನ್ನು ಮಾಡಿಬಿಟ್ಟರೆ ಒಳ್ಳೆಯದು.

ಸೆಕೆಂಡ್‌ಹ್ಯಾಂಡ್ ಕಾರ್ಡ್ ಆಗಿದ್ದರೆ

2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಅನ್ನುವ ಕ್ರಿಪ್ಟೋ ಹಣ ತನ್ನ ಪದ್ಧತಿ ಬದಲಿಸಿದ ಮೇಲೆ ಅದರ ಮೈನಿಂಗ್, ಅಂದರೆ ಗ್ರಾಫಿಕ್ಸ್ ಕಾರ್ಡ್ ದುಡಿಸಿ ಆ ಹಣ ಗಳಿಸುವ ಕೆಲಸ, ನಿಂತಿತು. ಹಗಲು ರಾತ್ರಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಕೆಲವದರ ಬಯೋಸ್ ಬದಲಿಸಿರುತ್ತಾರೆ, ಅದರಿಂದ ಡಿಸ್‌ಪ್ಲೇ ಬರದಿರುವುದುಂಟು. ಆರ್‌ಎಕ್ಸ್ 570, 580 ಥರದ ಕೆಲವು ಕಾರ್ಡುಗಳ ಅಂಚಿನಲ್ಲಿ ಸಣ್ಣ ಸ್ವಿಚ್ ಇದೆ, ಎರಡು ಬಯೋಸ್ ನಡುವೆ ಬದಲಿಸಲು. ಕಂಪ್ಯೂಟರ್ ಆಫ್ ಮಾಡಿ, ಆ ಸ್ವಿಚ್ಚನ್ನು ಇನ್ನೊಂದು ಕಡೆಗೆ ಸರಿಸಿ ನೋಡಿ. ಎಷ್ಟೋ ಕಾರ್ಡ್ ಹೀಗೆ ಎದ್ದು ಕೂತಿವೆ.

ಕೊನೆಗೂ ಹೋಗಲೇಬೇಕಾದರೆ

ಬಸ್ ಹತ್ತುವ ಮುಂಚೆ ಇನ್ನೊಂದು ಪರೀಕ್ಷೆ ಉಳಿದಿದೆ. ಒಳ್ಳೆಯ ಎಸ್‌ಎಂಪಿಎಸ್ ಇರುವ ಗೆಳೆಯರ ಕಂಪ್ಯೂಟರಿಗೆ ನಿಮ್ಮ ಕಾರ್ಡ್ ಹಾಕಿ. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಇಂಜಿನಿಯರಿಂಗ್ ಓದುವ ಹುಡುಗರ ರೂಮುಗಳಲ್ಲಿ ಅಂಥ ಕಂಪ್ಯೂಟರ್ ಸಿಗುತ್ತದೆ. ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಅಲ್ಲಿಯೂ ಬರದಿದ್ದರೆ ಕಾರ್ಡಿನದೇ ತಪ್ಪು. ಅಲ್ಲಿ ಬಂದು ನಿಮ್ಮಲ್ಲಿ ಬರದಿದ್ದರೆ ಬದಲಿಸಬೇಕಾದದ್ದು ಎಸ್‌ಎಂಪಿಎಸ್ ಅಥವಾ ಬೋರ್ಡ್. ಎರಡೂ ಕಡೆ ಆನ್ ಮಾಡುವಾಗ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ.

ಕಾರ್ಡೇ ಹಾಳಾಗಿದ್ದರೆ ಅದರ ಮೇಲಿನ ಸೀರಿಯಲ್ ನಂಬರಿನ ಫೋಟೋ ತೆಗೆಯಿರಿ, ಬಿಲ್ ಹುಡುಕಿ. ಸ್ಕ್ರೂ ಮೇಲಿನ ಸ್ಟಿಕರ್ ಕೀಳಬೇಡಿ. ಅಂಗಡಿಗೆ ಮೊದಲೇ ಫೋನ್ ಮಾಡಿ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಓದಿ ಹೇಳಿ. ಬೇರೆ ಕಂಪ್ಯೂಟರಿನಲ್ಲೂ ನೋಡಿದ್ದೇನೆ ಅಂದರೆ ಮಾತು ಬೇಗ ಮುಗಿಯುತ್ತದೆ. ಕಾರ್ಡನ್ನು ಅದರದೇ ಹೊಳೆಯುವ ಕವರಿನಲ್ಲಿ ಹಾಕಿ. ಕವರ್ ಕಳೆದುಹೋಗಿದ್ದರೆ ಹಳೇ ಮದರ್‌ಬೋರ್ಡಿನ ಕವರ್ ಆದೀತು, ಮಾಮೂಲಿ ಪ್ಲಾಸ್ಟಿಕ್ ಕವರ್ ಒಳಗಡೆಗೆ ಬೇಡ. ಡಬ್ಬಿಯಲ್ಲಿಟ್ಟು, ಅದರ ಮೇಲೆ ಮಳೆಗೆ ಬೇಕಾದರೆ ಪ್ಲಾಸ್ಟಿಕ್ ಸುತ್ತಿ. ಬಸ್ಸಿನ ಡಿಕ್ಕಿಗೆ ಹಾಕಬೇಡಿ, ತೊಡೆ ಮೇಲೆ ಇಟ್ಟುಕೊಳ್ಳಿ.